ಕಬ್ಬಿಣದ ಬಿಗಿ: ಬೀದರಿನ ತೋಪು, ಗಾಲಿ ಮತ್ತು ರಿವಾಲ್ವರುಗಳ ನೆನಪು

ಬೀದರ ಕೋಟೆಯನ್ನು ಕುರಿತು ಬರೆದವರು ಅಲ್ಲಿಯ ತೋಪುಗಳ ಉದ್ದವನ್ನೂ ತೂಕವನ್ನೂ ಹೆಸರನ್ನೂ ತಪ್ಪದೆ ಹೇಳುತ್ತಾರೆ. ಆದರೆ ಆ ಕಬ್ಬಿಣವನ್ನು ಮದ್ದಿನ ಹೊಡೆತಕ್ಕೆ ಸಿಡಿಯದಂತೆ ಹಿಡಿದಿಟ್ಟ ಉಂಗುರಗಳ ಬಿಗಿಯ ವಿಷಯ ಬಂದಾಗ ಒಂದೆರಡು ವಾಕ್ಯಗಳಲ್ಲಿ ಮಾತು ಮುಗಿಸಿಬಿಡುತ್ತಾರೆ. ಉದ್ದವನ್ನು ಟೇಪಿನಿಂದ ಅಳೆಯಬಹುದು, ಹೆಸರನ್ನು ಶಾಸನದಲ್ಲಿ ಓದಬಹುದು, ಬಿಗಿಯನ್ನು ಹಾಗೆ ನೋಡಿ ಬರೆದುಕೊಳ್ಳಲಾಗದು ಎಂಬುದೇ ಇದಕ್ಕೆ ಕಾರಣವಿದ್ದೀತು. ಆದರೂ ಬುರುಜಿನ ಮೇಲಿನ ತೋಪಿನಿಂದ ಹಿಡಿದು ಅಂಗೈಯಲ್ಲಿ ಹಿಡಿಯುವ ರಿವಾಲ್ವರಿನವರೆಗೆ ಮದ್ದು ಸುಡುವ ಯಾವ ಆಯುಧವೇ ಆಗಲಿ, ಅದನ್ನು ಮಾಡುವವನ ಮುಂದೆ ಮೊದಲು ನಿಲ್ಲುವ ಪ್ರಶ್ನೆಗಳು ಎರಡೇ: ಒಳಗೆ ಹುಟ್ಟುವ ಒತ್ತಡವನ್ನು ನಳಿಕೆ ತಡೆಯುವುದು ಹೇಗೆ, ಮತ್ತು ಗುಂಡು ಮುಂದೆ ಹೋದಾಗ ಆಯುಧ ಹಿಂದಕ್ಕೆ ಒದೆಯುವ ಒದೆತವನ್ನು ಯಾರು ಹೊರುವುದು. ಒಂದು ಕಬ್ಬಿಣದ ಮೇಲೆ ಇನ್ನೊಂದು ಕಬ್ಬಿಣವನ್ನು ಎಷ್ಟು ಬಿಗಿಯಾಗಿ ಕೂರಿಸಬೇಕು ಎಂಬ ಮಾತು ಈ ಎರಡಕ್ಕೂ ಬರುವ ಉತ್ತರಗಳ ನಡುವೆ ಎಲ್ಲೋ ಒಂದು ಕಡೆ ಬಂದೇ ಬರುತ್ತದೆ.

ಇಂದಿನ ಬಂದೂಕುಗಳಲ್ಲಿ ಒದೆತವನ್ನು ತಗ್ಗಿಸಲು ನಳಿಕೆಯ ಬಾಯಿಗೆ ತಿರುಪಿ ಕೂರಿಸುವ ಒಂದು ಗಿಡ್ಡ ಕೊಳವೆ ಇದೆ. ಅದರ ಮೈಯಲ್ಲಿ ಅಕ್ಕಪಕ್ಕಕ್ಕೂ ಕೆಲವೊಮ್ಮೆ ಮೇಲಕ್ಕೂ ತೆರೆದ ಕಿಂಡಿಗಳಿರುತ್ತವೆ. ಅದಕ್ಕೆ ಮಜಲ್ ಬ್ರೇಕ್ ಎನ್ನುತ್ತಾರೆ. ಗುಂಡು ನಳಿಕೆಯನ್ನು ಬಿಟ್ಟ ಕೂಡಲೇ ಅದರ ಹಿಂದೆ ಗುಂಡಿಗಿಂತಲೂ ವೇಗವಾಗಿ ನುಗ್ಗಿ ಬರುವ ಬಿಸಿ ಅನಿಲ ನೇರವಾಗಿ ಮುಂದಕ್ಕೆ ಹೋದರೆ ಒದೆತ ಹೆಚ್ಚುತ್ತದೆ. ಅದೇ ಅನಿಲ ಕಿಂಡಿಯ ಗೋಡೆಗೆ ಬಡಿದು ಪಕ್ಕಕ್ಕೋ ಹಿಂದಕ್ಕೋ ತಿರುಗಿದರೆ ನಳಿಕೆಯನ್ನು ಮುಂದಕ್ಕೆ ಎಳೆಯುತ್ತದೆ, ಮೇಲಕ್ಕೆ ಚಿಮ್ಮಿದರೆ ನಳಿಕೆಯ ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ಫ್ರಾನ್ಸಿನ ಸೇನಾಧಿಕಾರಿ ತ್ರೆಯ್ ದ ಬೋಲಿಯು 1842ರ ಸುಮಾರಿಗೆ ಫಿರಂಗಿಯ ನಳಿಕೆಗೆ ತೂತುಗಳನ್ನು ಕೊರೆದು ಈ ಯುಕ್ತಿಯನ್ನು ಪ್ರಯೋಗಿಸಿದನೆಂದು ಆಯುಧಗಳ ಇತಿಹಾಸ ಹೇಳುತ್ತದೆ. 1999ರ ಕಾರ್ಗಿಲ್ ಕದನದ ದಿನಗಳಲ್ಲಿ ಟಿವಿಯ ಮುಂದೆ ಕೂತ ಬೀದರಿನ ಮನೆಮನೆಯವರೂ ಬೊಫೋರ್ಸ್ ತೋಪಿನ ಉದ್ದ ನಳಿಕೆಯ ತುದಿಯಲ್ಲಿ ತೂತುಗಳುಳ್ಳ ದಪ್ಪ ತಲೆಯನ್ನು ನೋಡಿದ್ದರು. ಅದು ಅಲಂಕಾರವಲ್ಲ, ಇದೇ ಬ್ರೇಕು. ಅದರ ಕೆಲಸವೇನೆಂದು ಆಗ ಕೇಳಿದವರು ಕಡಿಮೆ.

ಬೀದರ ಜಿಲ್ಲೆಯ ಭಾಲ್ಕಿ ಮತ್ತು ಔರಾದ ಸೀಮೆಯಲ್ಲಿ 1960 ಮತ್ತು 70ರ ದಶಕಗಳಲ್ಲಿ ಬೆಳೆದ ತಲೆಮಾರಿಗೆ ಕಬ್ಬಿಣದ ಬಿಗಿಯನ್ನು ಕಲಿಯಲು ಆಯುಧವೇ ಬೇಕಾಗಿರಲಿಲ್ಲ. ಊರಿಗೊಂದು ಕಂಬಾರ ಸಾಲೆ ಇತ್ತು, ಅದರ ಮುಂದೆ ಬಿಚ್ಚಿಟ್ಟ ಬಂಡಿಯ ಗಾಲಿಗಳು ಒರಗಿರುತ್ತಿದ್ದವು, ಮತ್ತು ಬೇಸಿಗೆಯ ಕೊನೆಗೆ, ಮುಂಗಾರು ಬೀಳುವ ಮೊದಲು, ಗಾಲಿಗೆ ಹಳಿ ಏರಿಸುವ ಕೆಲಸ ಒಂದು ಸಣ್ಣ ಜಾತ್ರೆಯಂತೆ ನಡೆಯುತ್ತಿತ್ತು. ಹಳಿ ಎಂದರೆ ಮರದ ಗಾಲಿಯ ಸುತ್ತ ಕೂರುವ ಕಬ್ಬಿಣದ ಪಟ್ಟಿ. ಬಿಸಿಲಿಗೆ ಮರ ಒಣಗಿ ಕುಗ್ಗಿದಾಗ ಹಳಿ ಸಡಿಲವಾಗಿ, ಬಂಡಿ ನಡೆದಂತೆಲ್ಲ ಖಟ್ ಖಟ್ ಎನ್ನುತ್ತಿತ್ತು. ರೈತ ದಾರಿಯಲ್ಲೇ ಒಂದು ಚಕ್ಕೆಯನ್ನು ಸಂದಿಗೆ ಬಡಿದೋ ಗಾಲಿಯನ್ನು ಹಳ್ಳದ ನೀರಿನಲ್ಲಿ ನಿಲ್ಲಿಸಿಯೋ ಕೆಲವು ದಿನ ದೂಡುತ್ತಿದ್ದ, ಕೊನೆಗೆ ಕಂಬಾರನ ಬಳಿಗೆ ಬರುತ್ತಿದ್ದ.

ಕಂಬಾರ ಮೊದಲು ಮಾಡುತ್ತಿದ್ದುದು ಅಳತೆ. ಮುಷ್ಟಿಯಷ್ಟು ಅಗಲದ, ಹಿಡಿಕೆಯುಳ್ಳ ಒಂದು ಪುಟ್ಟ ಗಾಲಿಯನ್ನು ಮರದ ಗಾಲಿಯ ಹೊರಸುತ್ತಿನ ಮೇಲೆ ಉರುಳಿಸಿ, ಅದು ಎಷ್ಟು ಸುತ್ತು ಸುತ್ತಿತೆಂದು ಎಣಿಸಿ, ಉಳಿದ ಚೂರನ್ನು ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದ; ಆಮೇಲೆ ಅದೇ ಪುಟ್ಟ ಗಾಲಿಯನ್ನು ಹಳಿಯ ಒಳಸುತ್ತಿನಲ್ಲಿ ಉರುಳಿಸುತ್ತಿದ್ದ. ಎರಡು ಲೆಕ್ಕ ಸರಿಸಮವಾಗಿ ಬಂದರೆ ಹಳಿ ಕೆಲಸಕ್ಕೆ ಬಾರದು. ಹಳಿಯ ಸುತ್ತು ಗಾಲಿಯ ಸುತ್ತಿಗಿಂತ ಒಂದು ಬೆರಳಿನಷ್ಟು ಕಡಿಮೆ ಇರಬೇಕು. ಈ ಬೆರಳಿನ ಹಿಂದೆ ಒಂದು ಭೌತಶಾಸ್ತ್ರವಿದೆ. ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಕಬ್ಬಿಣ ತನ್ನ ಉದ್ದದ ದಶಲಕ್ಷದಲ್ಲಿ ಸುಮಾರು 12 ಪಾಲಿನಷ್ಟು ಹಿಗ್ಗುತ್ತದೆ; 1.2 ಮೀಟರ್ ಅಡ್ಡಳತೆಯ ಗಾಲಿಯ ಸುತ್ತು ಹೆಚ್ಚುಕಡಿಮೆ 3.8 ಮೀಟರ್, ಅದರ ಹಳಿಯನ್ನು 500 ಡಿಗ್ರಿಯಷ್ಟು ಕಾಯಿಸಿದರೆ ಸುತ್ತಳತೆ 2 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಬೆಳೆಯುತ್ತದೆ. ಅಂದರೆ ಕಂಬಾರನ ಬೆರಳು ಮತ್ತು ಪುಸ್ತಕದ ಲೆಕ್ಕ ಒಂದೇ ಕಡೆಗೆ ಬರುತ್ತವೆ. ಈ ಸಂಗತಿ ಲೇಖಕನಿಗೆ ಗೊತ್ತಾದದ್ದು ಕಾಲೇಜಿನಲ್ಲಿ. ಕಂಬಾರನ ಮನೆಯಲ್ಲಿ ಅದು ಗೊತ್ತಿದ್ದದ್ದು ಎಷ್ಟು ತಲೆಮಾರಿನಿಂದಲೋ.

ಹಳಿಯನ್ನು ನೆಲದ ಮೇಲೆ ಕಲ್ಲುಗಳ ಮೇಲೆ ಮಲಗಿಸಿ ಅದರ ಮೇಲೂ ಕೆಳಗೂ ಕುಳ್ಳು ಒಟ್ಟಿ ಬೆಂಕಿ ಕೊಡುತ್ತಿದ್ದರು. ತಿದಿಯೊತ್ತುವ ಕುಲುಮೆಯಲ್ಲಿ ಇಷ್ಟು ದೊಡ್ಡ ಉಂಗುರ ಸಮನಾಗಿ ಕಾಯುವುದಿಲ್ಲ. ಒಂದು ಕಡೆ ಕೆಂಪಾಗಿ ಇನ್ನೊಂದು ಕಡೆ ಕಪ್ಪಾಗಿ ಉಳಿದ ಹಳಿ ಮೊಟ್ಟೆಯಾಕಾರಕ್ಕೆ ತಿರುಗಿ ಗಾಲಿಯ ಮೇಲೆ ಕೂರದೆ ಹೋಗುತ್ತದೆ. ಕುಳ್ಳಿನ ಬೆಂಕಿ ನಿಧಾನ, ಆದರೆ ಸುತ್ತಲೂ ಒಂದೇ ಹದ. ಹದ ಬಂದಾಗ ಮೂರು ನಾಲ್ಕು ಜನ ಉದ್ದ ಹಿಡಿಯ ಇಕ್ಕಳಗಳಿಂದ ಹಳಿಯನ್ನು ಎತ್ತಿ ಗಾಲಿಯ ಮೇಲೆ ಇಳಿಸುತ್ತಿದ್ದರು, ಮರ ಬುಗ್ಗೆಂದು ಹೊಗೆಯಾಡುತ್ತಿತ್ತು, ಸುತ್ತಿಗೆಯ ಏಟಿನಿಂದ ಅದನ್ನು ಸಮವಾಗಿ ಕೆಳಗಿಳಿಸುತ್ತಿದ್ದಂತೆಯೇ ಹೆಂಗಸರು ಮಕ್ಕಳು ಕೊಡಗಳಿಂದ ನೀರು ಸುರಿಯುತ್ತಿದ್ದರು. ಅನಂತರ ಕೇಳಿಬರುವ ಸದ್ದನ್ನು ಮರೆಯಲಾಗದು: ಹಳಿ ತಣ್ಣಗಾಗಿ ಕುಗ್ಗುತ್ತಾ ಹೊರಸುತ್ತಿನ ಮರದ ತುಂಡುಗಳನ್ನು ಒತ್ತುತ್ತದೆ, ಅವು ಅರಗಳನ್ನು ಒತ್ತುತ್ತವೆ, ಅರಗಳು ನಡುವಿನ ಗುಂಬದೊಳಕ್ಕೆ ಒಂದೊಂದಾಗಿ ಕಟಕಟನೆ ಕೂರುತ್ತವೆ. ಒಂದು ಮೊಳೆಯೂ ಇಲ್ಲದೆ ಇಡೀ ಗಾಲಿ ಒಂದೇ ಮರದಿಂದ ಕಡೆದಂತೆ ಗಟ್ಟಿಯಾಗುತ್ತದೆ. ಭಾಲ್ಕಿ ತಾಲೂಕಿನ ಒಬ್ಬ ಮುದಿ ಕಂಬಾರ ಈ ಹದವನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದ: "ಜಾಸ್ತಿ ಬಿಗಿ ಆದ್ರ ಅರ ಮುರೀತಾವ್ರಿ, ಸಡ್ಲ ಆದ್ರ ಹಳಿ ಉಚ್ಚತದ." ಬಿಗಿಗೆ ಮೇಲಿನ ಮಿತಿಯೂ ಇದೆ ಎಂಬುದು ಹೊರಗಿನವರು ಸುಲಭವಾಗಿ ಮರೆಯುವ ಸಂಗತಿ.

ಊರೂರು ತಿರುಗುವ ಘಿಸಾಡಿಗಳೂ ಈ ಕೆಲಸ ಮಾಡುತ್ತಿದ್ದರು. ಮರಾಠವಾಡ ಮತ್ತು ಬೀದರ ಸೀಮೆಯ ಗಡಿಯುದ್ದಕ್ಕೂ ಬಂಡಿಯಲ್ಲೇ ಸಂಸಾರ ಹೂಡಿಕೊಂಡು ಬರುವ ಈ ಅಲೆಮಾರಿ ಕಂಬಾರರು ಊರ ಹೊರಗೆ ಬೀಡುಬಿಟ್ಟು ಕುಡುಗೋಲು, ಕೊಡಲಿ, ಕುಂಟೆಯ ಕುಡ ಮಾಡಿಕೊಡುತ್ತಿದ್ದರು. ಅವರಲ್ಲಿ ಸಮ್ಮಟಿಗೆ ಎತ್ತಿ ಬಡಿಯುವವಳು ಹೆಚ್ಚಾಗಿ ಮನೆಯ ಹೆಂಗಸೇ. ತಮ್ಮ ಹಿರಿಯರು ಹಳೆಯ ಕಾಲದ ದಂಡುಗಳ ಜೊತೆ ದಖ್ಖನಿಗೆ ಬಂದವರೆಂದು ಅವರು ಹೇಳಿಕೊಳ್ಳುತ್ತಾರೆ. ಆ ಮಾತಿಗೆ ಕಾಗದದ ಆಧಾರ ಕೇಳುವುದಕ್ಕಿಂತ, ದಂಡಿಗೆ ಕಂಬಾರ ಎಷ್ಟು ಬೇಕಾಗಿದ್ದ ಎಂಬುದಕ್ಕೆ ಸಾಕ್ಷಿಯಾಗಿ ಬೀದರಿನ ಬುರುಜುಗಳನ್ನು ಹತ್ತಿ ನೋಡುವುದು ಲೇಸು.

ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿ 15ನೆಯ ಶತಮಾನದ ಮೊದಲ ಭಾಗದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಮೇಲೆ ಜಂಬಿಟ್ಟಿಗೆ ಕಲ್ಲಿನ ಎತ್ತರದ ಅಂಚಿನಲ್ಲಿ ಈ ಕೋಟೆ ಎದ್ದಿತು, ಬಂಡೆಯನ್ನೇ ಕಡಿದ ಕಂದಕಗಳು ಅದರ ಸುತ್ತ ಬಂದವು. ಆಗ ಮದ್ದಿನ ಬಳಕೆ ಈ ನಾಡಿನಲ್ಲಿ ಇನ್ನೂ ಎಳೆಯದು. ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರ ಸುಮಾರಿಗೆ ಬೆಳಗಾವಿಯ ಕೋಟೆಯನ್ನು ಮುತ್ತಿದಾಗ ಗೋಡೆಯ ಕೆಳಗೆ ಸುರಂಗ ತೋಡಿ ಮದ್ದು ತುಂಬಿ ಸಿಡಿಸಿದ್ದನ್ನು ಇತಿಹಾಸಕಾರರು ಹೊಸ ಸಂಗತಿಯೆಂದೇ ದಾಖಲಿಸುತ್ತಾರೆ. ದೊಡ್ಡ ತೋಪುಗಳ ಕಾಲ ಬಂದದ್ದು ಮುಂದಿನ ಶತಮಾನದಲ್ಲಿ, ಬಹಮನಿ ರಾಜ್ಯ ಒಡೆದು ಬೀದರು ಬರೀದ್ ಶಾಹಿಗಳ ಕೈಗೆ ಬಂದ ಮೇಲೆ. ಇಂದು ಕೋಟೆಯ ಬುರುಜುಗಳ ಮೇಲೆ ಉಳಿದಿರುವ ಮುಖ್ಯ ತೋಪುಗಳು ಎರಕ ಹೊಯ್ದವಲ್ಲ. ಕಬ್ಬಿಣದ ಉದ್ದನೆಯ ಪಟ್ಟಿಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ ಬೆಸೆದು, ಮೇಲಿಂದ ಉಂಗುರಗಳನ್ನು ತೊಡಿಸಿ ಕಟ್ಟಿದಂಥವು.

ಈ ಕಟ್ಟೋಣದ ಕ್ರಮವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಕೋಟೆ ನೋಡಲು ಬಂದವರು ಸಾಮಾನ್ಯವಾಗಿ ಉಂಗುರಗಳನ್ನು ಮೇಲಿನ ಅಲಂಕಾರವೆಂದು ತಿಳಿಯುತ್ತಾರೆ. ನಡುವೆ ಒಂದು ದುಂಡನೆಯ ಅಚ್ಚನ್ನಿಟ್ಟು ಅದರ ಸುತ್ತ ಮೆದು ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿದರೆ ನಳಿಕೆಯ ಒಳಮೈ ಸಿದ್ಧವಾಗುತ್ತದೆ. ಆದರೆ ಪಟ್ಟಿ ಪಟ್ಟಿಗಳ ನಡುವಿನ ಬೆಸುಗೆ ಎಷ್ಟೇ ಚೆನ್ನಾಗಿದ್ದರೂ ಮದ್ದಿನ ಒತ್ತಡಕ್ಕೆ ಅದು ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಕೆಂಪಗೆ ಕಾಯಿಸಿದ ಉಂಗುರವನ್ನು ಒಂದು ತುದಿಯಿಂದ ತೊಡಿಸಿ, ಬಡಿದು, ಅದು ತಣಿದು ಕುಗ್ಗುವ ಮೊದಲೇ ಹಿಂದಿನ ಉಂಗುರಕ್ಕೆ ಒತ್ತಿ ಕೂರಿಸಿ, ಹೀಗೆ ಒಂದರ ಬೆನ್ನಿಗೆ ಒಂದರಂತೆ ಇಡೀ ನಳಿಕೆಯನ್ನು ಮುಚ್ಚುತ್ತಾರೆ. ದೊಡ್ಡ ತೋಪುಗಳಲ್ಲಿ ಒಂದು ಸಾಲಿನ ಉಂಗುರಗಳ ಸಂದಿಯ ಮೇಲೆ ಇನ್ನೊಂದು ಸಾಲಿನ ಉಂಗುರ ಬರುವಂತೆ ಎರಡು ಮೂರು ಪದರ ಹಾಕುವುದುಂಟು. ಉಂಗುರ ತಣಿದಾಗ ಒಳಗಿನ ಪಟ್ಟಿಗಳು ಒತ್ತಡಕ್ಕೆ ಸಿಕ್ಕಿ ಅಮುಕಲ್ಪಟ್ಟಿರುತ್ತವೆ. ಮದ್ದು ಸಿಡಿದಾಗ ಒಳಗಿನ ಅನಿಲ ಮೊದಲು ಈ ಅಮುಕುವಿಕೆಯನ್ನು ಸೋಲಿಸಬೇಕು, ಆಮೇಲಷ್ಟೇ ಕಬ್ಬಿಣವನ್ನು ಹಿಗ್ಗಿಸಲು ತೊಡಗಬೇಕು. ಹೀಗಾಗಿ ಒಂದೇ ದಪ್ಪದ ಸಡಿಲ ಕಬ್ಬಿಣಕ್ಕಿಂತ ಬಿಗಿದ ಕಬ್ಬಿಣ ಹೆಚ್ಚು ತಡೆಯುತ್ತದೆ. ಔರಾದಿನ ಬಂಡಿಯ ಗಾಲಿಯಲ್ಲಿ ಅರಗಳನ್ನು ಗುಂಬದೊಳಕ್ಕೆ ತಳ್ಳಿದ ಬಲವೇ ಬುರುಜಿನ ಮೇಲೆ ನಳಿಕೆಯ ಪಟ್ಟಿಗಳನ್ನು ಹಿಡಿದಿದೆ. ಇಂಗ್ಲೆಂಡಿನಲ್ಲಿ ವಿಲಿಯಂ ಆರ್ಮ್‌ಸ್ಟ್ರಾಂಗ್ 1850ರ ದಶಕದಲ್ಲಿ ಬಿಸಿ ಉಂಗುರ ತೊಡಿಸಿದ ಫಿರಂಗಿಗಳಿಂದ ಹೆಸರು ಮಾಡಿದಾಗ ಅದರ ಹಿಂದೆ ಲೋಹಶಾಸ್ತ್ರದ ಲೆಕ್ಕವಿತ್ತು, ಸರಿಯಾದ ಯಂತ್ರಗಳಿದ್ದವು. ತತ್ತ್ವ ಮಾತ್ರ ಹಳೆಯದು.

ಹಳೆಯದೆಂದರೆ ಯುರೋಪಿಗೂ ಹಳೆಯದೇ. ಸ್ಕಾಟ್ಲೆಂಡಿನ ಎಡಿನ್‌ಬರೋ ಕೋಟೆಯಲ್ಲಿರುವ ಮಾನ್ಸ್ ಮೆಗ್ ಎಂಬ ತೋಪು 1449ರಲ್ಲಿ ಇದೇ ರೀತಿ ಪಟ್ಟಿ ಮತ್ತು ಉಂಗುರಗಳಿಂದ ಮಾಡಿದ್ದು. ಅದನ್ನು ಉಡುಗೊರೆಯಾಗಿ ಪಡೆದ ದೊರೆ ಎರಡನೆಯ ಜೇಮ್ಸ್ 1460ರಲ್ಲಿ ರಾಕ್ಸ್‌ಬರೋ ಮುತ್ತಿಗೆಯ ವೇಳೆ ಪಕ್ಕದಲ್ಲಿದ್ದ ಇನ್ನೊಂದು ತೋಪು ಸಿಡಿದು ಸತ್ತ. ಉಂಗುರ ಸಡಿಲಾದರೆ ಅದರ ಬೆಲೆ ತೆರುವವರು ಎದುರಾಳಿಗಳಲ್ಲ, ಪಕ್ಕದಲ್ಲಿ ನಿಂತವರು. ಮುಂದೆ ಯುರೋಪು ಕಂಚಿನ ಮತ್ತು ಎರಕದ ಕಬ್ಬಿಣದ ತೋಪುಗಳ ಕಡೆಗೆ ಹೊರಳಿತು, ದಖ್ಖನ್ನಿನ ಕಮ್ಮಟಗಳು ಬಡಿದು ಬೆಸೆಯುವ ಕ್ರಮವನ್ನು ಬಹುಕಾಲ ಬಿಡಲಿಲ್ಲ. ಇದನ್ನು ಹಿಂದುಳಿದ ಲಕ್ಷಣವೆಂದು ಬರೆಯುವ ರೂಢಿಯಿದೆ, ಆ ತೀರ್ಮಾನ ಅವಸರದ್ದು. ವಿಜಯಪುರದ ಮಲಿಕ್-ಎ-ಮೈದಾನ್ 1549ರಲ್ಲಿ ಅಹಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಹೊಯ್ದ ಎರಕದ ತೋಪು. ಅದೇ ಊರಿನ ಉಪಲಿ ಬುರುಜಿನ ಮೇಲಿನ ಒಂಬತ್ತು ಮೀಟರಿಗೂ ಉದ್ದನೆಯ ಲಂಬ ಕಸಬ್ ಬಡಿದು ಬೆಸೆದ ತೋಪು. ಎರಡೂ ವಿದ್ಯೆಗಳು ಒಂದೇ ಕಾಲದಲ್ಲಿ, ಇದೇ ದಖ್ಖನ್ನಿನ ದೊರೆಗಳ ಕೈಯಲ್ಲಿದ್ದವು. ಅಂದರೆ ಉಂಗುರದ ದಾರಿಯನ್ನು ಆರಿಸಿಕೊಂಡದ್ದು ಬೇರೆ ದಾರಿ ಗೊತ್ತಿಲ್ಲದೆ ಅಲ್ಲ. ತಾಮ್ರವೂ ತವರವೂ ದುಬಾರಿ, ಕಬ್ಬಿಣ ಮತ್ತು ಕಂಬಾರ ಎರಡೂ ಊರಲ್ಲೇ ಸಿಗುವಂಥವು. ಮೇಲಾಗಿ ಎರಕದ ಕಬ್ಬಿಣ ಸಿಡಿದರೆ ಗಾಜಿನಂತೆ ಚೂರಾಗುತ್ತದೆ, ಬಡಿದ ಮೆದು ಕಬ್ಬಿಣ ಸಾಮಾನ್ಯವಾಗಿ ಹರಿಯುತ್ತದೆ, ಪಕ್ಕದಲ್ಲಿದ್ದವನಿಗೆ ಓಡಲು ಒಂದಿಷ್ಟು ಅವಕಾಶ ಕೊಡುತ್ತದೆ.

ಒದೆತದ ವಿಷಯದಲ್ಲಿ ಹಳೆಯ ತೋಪುಗಾರರಿಗೆ ಬ್ರೇಕು ಬೇಕಾಗಲಿಲ್ಲ. ತೋಪಿನ ತೂಕವೇ ಬ್ರೇಕು. ಗುಂಡಿನ ತೂಕವನ್ನು ಅದರ ವೇಗದಿಂದ ಗುಣಿಸಿದರೆ ಎಷ್ಟು ಬರುತ್ತದೋ ಅಷ್ಟೇ ಮೊತ್ತ ಆಯುಧಕ್ಕೂ ಹಿಮ್ಮುಖವಾಗಿ ಬರುತ್ತದೆ ಎಂಬುದು ನ್ಯೂಟನ್ನನ ನಿಯಮ. ಬರಿಯ ಲೆಕ್ಕಕ್ಕಾಗಿ, ಅನಿಲದ ಪಾಲನ್ನು ಬದಿಗಿಟ್ಟು ನೋಡುವುದಾದರೆ, 20 ಕಿಲೋ ತೂಕದ ಗುಂಡನ್ನು ಸೆಕೆಂಡಿಗೆ 300 ಮೀಟರ್ ವೇಗದಲ್ಲಿ ಎಸೆಯುವ 10 ಟನ್ನಿನ ತೋಪು ಸೆಕೆಂಡಿಗೆ 60 ಸೆಂಟಿಮೀಟರ್ ವೇಗದಲ್ಲಿ ಹಿಂದಕ್ಕೆ ಸರಿಯುತ್ತದೆ. ಆರೂವರೆ ಗ್ರಾಂ ಗುಂಡನ್ನು ಸೆಕೆಂಡಿಗೆ ಸುಮಾರು 215 ಮೀಟರ್ ವೇಗದಲ್ಲಿ ಹಾರಿಸುವ ಮುಕ್ಕಾಲು ಕಿಲೋಗೂ ಕಡಿಮೆ ತೂಕದ ರಿವಾಲ್ವರು ಅದೇ ಲೆಕ್ಕದಲ್ಲಿ ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಅಂಗೈಗೆ ಬಡಿಯುತ್ತದೆ. ವೇಗವೊಂದನ್ನೇ ನೋಡಿದರೆ ಬೀದರಿನ ಬುರುಜಿನ ದೈತ್ಯನಿಗಿಂತ ಜೇಬಿನಲ್ಲಿಡುವ ಆಯುಧವೇ ಹೆಚ್ಚು ಜೋರಾಗಿ ಒದೆಯುತ್ತದೆ! ಆದರೆ 10 ಟನ್ನು ಕಬ್ಬಿಣ ನಿಧಾನವಾಗಿ ಸರಿದರೂ ಅದನ್ನು ನಿಲ್ಲಿಸುವುದು ಮನುಷ್ಯನ ಕೈಯಲ್ಲಿಲ್ಲ. 16ನೆಯ ಶತಮಾನದ ಉತ್ತರಾರ್ಧದಲ್ಲಿ ದಖ್ಖನ್ನಿನ ಕೋಟೆಗಳಲ್ಲಿ ಎತ್ತರದ ದುಂಡು ಬುರುಜುಗಳು ಎದ್ದಾಗ, ತೋಪನ್ನು ನಡುವಿನ ಗೂಟದ ಮೇಲೆ ತಿರುಗುವಂತೆ ಕೂರಿಸಿ ಒದೆತವನ್ನು ಕಟ್ಟಡಕ್ಕೇ ಹೊರಿಸುವ ಏರ್ಪಾಡು ಬಂದುದನ್ನು ವಿದ್ವಾಂಸರಾದ ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ ವಿವರವಾಗಿ ಚರ್ಚಿಸಿದ್ದಾರೆ. ಕೋಟೆ ತೋರಿಸುವವರು ಹೇಳುವ ಕತೆ ಬೇರೆ: ಬತ್ತಿಗೆ ಬೆಂಕಿ ಕೊಟ್ಟ ಗೋಲಂದಾಜ ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ಹೊಂಡಕ್ಕೆ ಹಾರುತ್ತಿದ್ದನಂತೆ. ಕತೆ ವಿಜಯಪುರದಲ್ಲೂ ಇದೆ, ಬೀದರಿನಲ್ಲೂ ಮಕ್ಕಳು ಕೇಳಿದ್ದಾರೆ; ಒಂದು ತೋಪಿಗೆ ಇಷ್ಟು ಈಜುಗಾರರು ಬೇಕಾಗಿದ್ದರೆ ದಂಡು ನಡೆಯುವುದು ಕಷ್ಟವಾಗುತ್ತಿತ್ತು.

ಇಷ್ಟೆಲ್ಲ ಬಿಗಿ ಮಾಡಿಟ್ಟ ತೋಪುಗಳು ಕೋಟೆಯನ್ನು ಉಳಿಸಿದವೇ ಎಂಬ ಪ್ರಶ್ನೆಗೆ 1657ರ ಮಾರ್ಚ್ ತಿಂಗಳು ಉತ್ತರ ಕೊಡುತ್ತದೆ. 1619ರಿಂದ ವಿಜಯಪುರದ ಆದಿಲ್ ಶಾಹಿಗಳ ವಶದಲ್ಲಿದ್ದ ಬೀದರನ್ನು ಮೊಗಲ ರಾಜಕುಮಾರ ಔರಂಗಜೇಬ ಸೇನಾನಿ ಮೀರ್ ಜುಮ್ಲಾನ ಫಿರಂಗಿಗಳೊಂದಿಗೆ ಬಂದು ಮುತ್ತಿದ; ವಯಸ್ಸಾದ ಕಿಲ್ಲೇದಾರ ಸಿದ್ದಿ ಮರ್ಜಾನ್ ನಾಲ್ಕು ವಾರ ತಡೆದು ನಿಂತ. ಕೊನೆಗೆ ಮೊಗಲರ ಕಡೆಯಿಂದ ಹಾರಿದ ಬಾಣದ ಕಿಡಿ ಬುರುಜಿನ ಹಿಂದಿದ್ದ ಮದ್ದಿನ ರಾಶಿಗೆ ತಾಗಿ, ಆ ಸ್ಫೋಟದಲ್ಲಿ ಮರ್ಜಾನ್ ಸುಟ್ಟು ಗಾಯಗೊಂಡು ಸತ್ತ, ಕೋಟೆ ಕೈಬಿಟ್ಟಿತು. ಇಲ್ಲಿ ಬಾಣವೆಂದರೆ ಬಿದಿರಿಗೆ ಕಟ್ಟಿದ ಮದ್ದಿನ ರಾಕೆಟ್ಟು. ಗೆದ್ದವರಿಗೆ ಸಿಕ್ಕ ತೋಪುಗಳು 230 ಎಂದು ಇತಿಹಾಸಕಾರ ಜದುನಾಥ ಸರ್ಕಾರ್ ಬರೆದಿದ್ದಾರೆ. ನಳಿಕೆಯೊಳಗೆ ಮದ್ದನ್ನು ಹಿಡಿದಿಡುವ ವಿದ್ಯೆಯಲ್ಲಿ ಊರು ಹಿಂದೆ ಬಿದ್ದಿರಲಿಲ್ಲ. ನಳಿಕೆಯ ಹೊರಗಿನ ಮದ್ದು ಊರನ್ನು ಸುಟ್ಟಿತು. 17ನೆಯ ಶತಮಾನದ ಕೊನೆಗೆ, ಇದೇ ಮೊಗಲ ಆಡಳಿತದಲ್ಲಿ, 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸಾ ಕಟ್ಟಡದಲ್ಲೂ ಮದ್ದು ಸಿಡಿದು ಒಂದು ಮಿನಾರೂ ಮುಂಭಾಗದ ದೊಡ್ಡ ಪಾಲೂ ಉರುಳಿದವು. ಉಳಿದ ಇನ್ನೊಂದು ಮಿನಾರಿನ ಹೆಂಚಿನ ಬಣ್ಣ ನೋಡಿದವರಿಗೆ ಹೋದದ್ದು ಎಷ್ಟೆಂದು ತಿಳಿಯುತ್ತದೆ.

ಕೈಬಂದೂಕುಗಳ ನೆನಪು ಬೀದರ ಜಿಲ್ಲೆಯಲ್ಲಿ ತೋಪಿನ ನೆನಪಿನಂತೆ ನಿರಾಳವಾದದ್ದಲ್ಲ. ನಿಜಾಮರ ಕಾಲದಲ್ಲಿ ಊರ ದೊಡ್ಡ ಮನೆಗಳಲ್ಲಿ ಬಾಯಿಯಿಂದ ಮದ್ದು ಗಿಡಿಯುವ ಭರ್ಮಾರ್ ಬಂದೂಕುಗಳಿದ್ದವು. 1948ರಲ್ಲಿ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ನಡೆದ ಕೊಲೆಗಳಿಂದ ಹಿಡಿದು ನಿಜಾಮರ ರಾಜ್ಯದ ಮೇಲೆ ನಡೆದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ಮತ್ತು ಅದರ ನಂತರದ ದಿನಗಳವರೆಗೆ ಗುಂಡಿನ ಸದ್ದು ಕೇಳಿದ ಹಿರಿಯರು ಆ ಆಯುಧಗಳ ಬಗ್ಗೆ ಹೆಚ್ಚು ಮಾತಾಡುತ್ತಿರಲಿಲ್ಲ. ಅನಂತರದ ತಲೆಮಾರಿಗೆ ಬಂದೂಕು ಎಂದರೆ ಪರವಾನಗಿಯ ವಸ್ತು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿ ಕೊಟ್ಟ ಲೈಸೆನ್ಸಿನ ಮೇಲೆ ಕಾನಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದ .32 ಅಳತೆಯ ರಿವಾಲ್ವರನ್ನು ಕೊಂಡು, ಚುನಾವಣೆ ಘೋಷಣೆಯಾದಾಗ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವುದು ವಾಡಿಕೆ. ಆ ದಿನಗಳಲ್ಲಿ ಭಾಲ್ಕಿಯ ಠಾಣೆಯ ಮುಂದೆ ಹಳೆಯ ಧೋತರದಲ್ಲಿ ಸುತ್ತಿದ ಬಂದೂಕುಗಳನ್ನು ಬಗಲಲ್ಲಿ ಹಿಡಿದು ನಿಂತವರ ಸಾಲಿನಲ್ಲಿ, ತಮ್ಮ ಆಯುಧಕ್ಕಿಂತ ಅದರ ಲೈಸೆನ್ಸ್ ಪುಸ್ತಕವನ್ನು ಹೆಚ್ಚು ಜೋಪಾನವಾಗಿ ಹಿಡಿದವರೇ ಬಹಳ.

ಇಂಥ ಒಬ್ಬ ಬಂಧುವಿನ ಜೊತೆ ಲೇಖಕ ಹೈದರಾಬಾದಿನ ಒಂದು ಬಂದೂಕಿನ ಅಂಗಡಿಗೆ ಹೋದಾಗ ರಿವಾಲ್ವರಿನ ಬಿಗಿಯ ವಿಷಯ ಮೊದಲ ಬಾರಿಗೆ ಕಣ್ಣೆದುರು ಬಂದಿತು. ಬಂಧುವಿನ ಬೇಡಿಕೆ ಸರಳವಾಗಿತ್ತು: ಒದೆತ ಕಡಿಮೆ ಮಾಡುವ ಬ್ರೇಕೊಂದನ್ನು ತನ್ನ ರಿವಾಲ್ವರಿನ ಬಾಯಿಗೆ ಹಾಕಿಸಬೇಕು. ಅಂಗಡಿಯ ಹಿರಿಯ ಮಿಸ್ತ್ರಿ ಒಪ್ಪಲಿಲ್ಲ, ಒಪ್ಪದಿರಲು ಕೊಟ್ಟ ಕಾರಣಗಳು ಪಾಠದಂತಿದ್ದವು. ಮೊದಲನೆಯದು ಕಾನೂನು: ಆಯುಧವನ್ನು ರಿಪೇರಿ ಮಾಡುವುದಕ್ಕೂ ಮಾರ್ಪಡಿಸುವುದಕ್ಕೂ ಕಾಯ್ದೆಯ 5ನೆಯ ಕಲಮಿನಡಿ ಬೇರೆಯೇ ಪರವಾನಗಿ ಬೇಕು, ನಳಿಕೆಯ ತುದಿಗೆ ಚೂಡಿ ಕೊರೆಯುವುದು ಮನೆಯಲ್ಲೋ ಲೇತ್ ಅಂಗಡಿಯಲ್ಲೋ ಮಾಡುವ ಕೆಲಸವಲ್ಲ. ಚೂಡಿ ಎಂದರೆ ತಿರುಪಿನ ಸುರುಳಿಗೆರೆ. ಬೀದರು, ಹೈದರಾಬಾದಿನ ಕಾರ್ಖಾನೆಗಳಲ್ಲಿ ಅದಕ್ಕೆ ಆ ಹೆಸರೇ. ಎರಡನೆಯದು ಲಾಭದ ಲೆಕ್ಕ: ಬ್ರೇಕು ಕೆಲಸ ಮಾಡುವುದು ಅನಿಲದಿಂದ, .32ರ ತೋಟೆಯಲ್ಲಿ ಇರುವ ಮದ್ದೇ ಚಿಟಿಕೆಯಷ್ಟು. ಅದರಲ್ಲೂ ರಿವಾಲ್ವರಿನಲ್ಲಿ ತೋಟೆಗಳನ್ನು ಹೊತ್ತು ತಿರುಗುವ ಉರುಳೆಗೂ ನಳಿಕೆಗೂ ನಡುವೆ ಮಿಲಿಮೀಟರಿನ ಹತ್ತನೆಯ ಒಂದೆರಡು ಪಾಲಿನಷ್ಟು ಸಂದು ಇರಲೇಬೇಕು, ಇಲ್ಲದಿದ್ದರೆ ಉರುಳೆ ತಿರುಗುವುದಿಲ್ಲ. ಆ ಸಂದಿನಿಂದ ಅನಿಲದ ಒಂದು ಪಾಲು ಬಾಯಿ ಮುಟ್ಟುವ ಮೊದಲೇ ಪಕ್ಕಕ್ಕೆ ಹಾರಿಹೋಗುತ್ತದೆ. ಇಂಥ ಆಯುಧಕ್ಕೆ ಬ್ರೇಕು ಹಾಕಿದರೆ ಸಿಗುವ ಲಾಭ ಬಹುಪಾಲು ಅದರ ತೂಕದಿಂದ ಬಂದದ್ದು, ನಷ್ಟ ಮಾತ್ರ ಕಿವಿಗೆ ಬಡಿಯುವ ಹೆಚ್ಚಿನ ಸದ್ದು ಮತ್ತು ಪಕ್ಕಕ್ಕೆ ಚಿಮ್ಮುವ ಕಿಡಿ. ದೊಡ್ಡ ತೋಟೆಯ ಬೇಟೆ ರಿವಾಲ್ವರುಗಳಲ್ಲಿ ಲೆಕ್ಕ ಬೇರೆಯಾಗುತ್ತದೆ, ಅಲ್ಲಿ ಬ್ರೇಕಿಗೆ ಅರ್ಥವಿದೆ.

ಮೂರನೆಯ ಕಾರಣ ಬಿಗಿಯದು, ಮಿಸ್ತ್ರಿ ಹೆಚ್ಚು ಹೊತ್ತು ನಿಂತದ್ದು ಅಲ್ಲೇ. ಬ್ರೇಕಿನ ತೂತು ನಳಿಕೆಯ ತೂತಿನ ನೇರಕ್ಕೇ ಇರಬೇಕು. ಚೂಡಿ ಕೂದಲಿನಷ್ಟು ಓರೆಯಾದರೂ ಹೊರಡುವ ಗುಂಡು ಬ್ರೇಕಿನ ಒಳಗೋಡೆಯನ್ನು ಕೆರೆದುಕೊಂಡು ಹೋಗುತ್ತದೆ, ಗುರಿ ತಪ್ಪುವುದಲ್ಲದೆ ಬ್ರೇಕೇ ಕಿತ್ತು ಹಾರಬಹುದು. ಹಾಗಾಗಿ ಸರಿಯಾದ ಅಳತೆಯ ನೇರ ಸರಳನ್ನು ನಳಿಕೆಯೊಳಗೆ ಇಳಿಸಿ ಅದು ಬ್ರೇಕಿನ ನಡುವೆಯೇ ಹೊರಬರುತ್ತದೆಯೇ ಎಂದು ನೋಡದೆ ಯಾರೂ ಗುಂಡು ಹಾರಿಸಬಾರದು. ಅನಂತರ ಕಿಂಡಿಗಳು ಸರಿಯಾದ ದಿಕ್ಕಿಗೆ ನಿಲ್ಲಬೇಕು: ಚೂಡಿ ಪೂರ್ತಿ ಬಿಗಿದಾಗ ಮೇಲಿನ ಕಿಂಡಿ ಪಕ್ಕಕ್ಕೆ ತಿರುಗಿದ್ದರೆ ಕೆಲಸ ಕೆಟ್ಟಿತು, ಅದನ್ನು ಸರಿಪಡಿಸಲು ತೆಳ್ಳನೆಯ ವಾಷರುಗಳನ್ನು ಕೊಟ್ಟು ಬಿಗಿಯೂ ದಿಕ್ಕೂ ಒಟ್ಟಿಗೆ ಬರುವಂತೆ ಮಾಡಬೇಕು. ಗುಂಡು ಹಾರಿದಾಗಲೆಲ್ಲ ಲೋಹ ಬಿಸಿಯಾಗಿ ತಣಿಯುತ್ತದೆ, ನಡುಗುತ್ತದೆ, ಆಗ ಚೂಡಿ ತಾನಾಗಿ ಬಿಚ್ಚಿಕೊಳ್ಳಲು ನೋಡುತ್ತದೆ. ಅದಕ್ಕೇ ಅಡ್ಡ ತಿರುಪು ಅಥವಾ ಬಿಸಿ ತಡೆಯುವ ಅಂಟು. ಇಷ್ಟು ಕೇಳಿದ ಬಂಧು ಸಹಜವಾಗಿಯೇ, ಹಾಗಾದರೆ ಇನ್ನೂ ಜೋರಾಗಿ ಬಿಗಿದುಬಿಟ್ಟರಾಯಿತಲ್ಲ ಎಂದ. ಮಿಸ್ತ್ರಿ ಉತ್ತರವಾಗಿ ಬೇರೊಂದು ರಿವಾಲ್ವರಿನ ನಳಿಕೆಯನ್ನು ತೋರಿಸಿದ. ರಿವಾಲ್ವರಿನ ನಳಿಕೆಯೇ ಚೌಕಟ್ಟಿಗೆ ಚೂಡಿಯಿಂದ ಕೂರಿಸಿದ್ದು, ಮುಂದಿನ ಗುರಿಮೊಳೆ ನೆಟ್ಟಗೆ ನಿಲ್ಲುವವರೆಗೆ ಅದನ್ನು ತಿರುಗಿಸುತ್ತಾರೆ. ಅತಿಯಾಗಿ ಬಿಗಿದರೆ ಚೂಡಿಯ ಜಾಗದಲ್ಲಿ ಒಳತೂತು ಅಮುಕಿಕೊಂಡು ಕಿರಿದಾಗುತ್ತದೆ. ಒಳಗೆ ತುಂಡು ಸೀಸವನ್ನು ನಿಧಾನವಾಗಿ ತಳ್ಳಿದರೆ ಆ ಜಾಗಕ್ಕೆ ಬಂದಾಗ ಅದು ಕೈಗೆ ತಡೆದಂತಾಗುವುದನ್ನು ಅವನು ಬಂಧುವಿನ ಕೈಯಿಂದಲೇ ಮಾಡಿಸಿ ತೋರಿಸಿದ. ಗುಂಡು ಅಲ್ಲಿ ಹಿಂಡಿಕೊಂಡು ಹೋಗುತ್ತದೆ, ಮುಂದಿನ ಅಗಲದಲ್ಲಿ ಸಡಿಲಾಗುತ್ತದೆ, ಅಲ್ಲಿಂದಾಚೆಗೆ ಗುರಿಯ ಆಸೆ ಬಿಡಬೇಕು. ಭಾಲ್ಕಿಯ ಕಂಬಾರನ ಮುರಿದ ಅರವೂ ಇಲ್ಲಿ ಅಮುಕಿದ ನಳಿಕೆಯೂ ಒಂದೇ ಅತಿಯ ಎರಡು ಫಲ. ಬಂಧು ಬ್ರೇಕಿನ ಆಸೆ ಬಿಟ್ಟು, ಹಿಡಿಕೆಗೆ ಸ್ವಲ್ಪ ದಪ್ಪನೆಯ ರಬ್ಬರಿನ ಹೊದಿಕೆ ಹಾಕಿಸಿಕೊಂಡು ಮರಳಿದ. ಅಂಗೈಗೆ ಬೇಕಾದದ್ದು ಅಷ್ಟೇ ಆಗಿತ್ತು.

ಗಾಲಿಯ ವಿದ್ಯೆ ಈಗ ಬೀದರ ಜಿಲ್ಲೆಯಲ್ಲಿ ಹೆಚ್ಚುಕಡಿಮೆ ಮುಗಿದ ಕತೆ. ಮೊದಲು ರಬ್ಬರ್ ಟೈರಿನ ಬಂಡಿಗಳು ಬಂದವು, ಆಮೇಲೆ ಟ್ರ್ಯಾಕ್ಟರು. ದೇವಣಿ ಎತ್ತುಗಳ ಜೋಡಿ ಇಟ್ಟುಕೊಂಡ ರೈತನ ಮನೆಯಲ್ಲೂ ಮರದ ಗಾಲಿ ಅಪರೂಪ. ಕಂಬಾರರ ಮಕ್ಕಳು ವೆಲ್ಡಿಂಗ್ ಅಂಗಡಿ ಹಾಕಿ ಟ್ರಾಲಿ, ಗೇಟು, ಕಿಟಕಿಯ ಸರಳು ಮಾಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ. ಆದರೆ ವೆಲ್ಡಿಂಗ್ ಎರಡು ಲೋಹಗಳನ್ನು ಅಂಟಿಸುವ ವಿದ್ಯೆ. ಒಂದನ್ನು ಇನ್ನೊಂದರ ಮೇಲೆ ಅಳತೆಗಿಂತ ಕಿರಿದಾಗಿ ಮಾಡಿ, ಬೆಂಕಿಯಿಂದ ಹಿಗ್ಗಿಸಿ, ನೀರಿನಿಂದ ಕುಗ್ಗಿಸುವ ಲೆಕ್ಕ ಅದರಲ್ಲಿ ಬೇಕಾಗುವುದಿಲ್ಲ. ಹಳಿ ಏರಿಸುವುದನ್ನು ಕಣ್ಣಾರೆ ಕಂಡವರು ಬುರುಜಿನ ಮೇಲಿನ ತೋಪಿನ ಹತ್ತಿರ ನಿಂತು, ಉಂಗುರ ಉಂಗುರದ ನಡುವಿನ ಗೆರೆಯನ್ನು ಬೆರಳಿನಿಂದ ಸವರಿದಾಗ ಅದು ಹೇಗೆ ಬಂದಿತೆಂದು ತಾವಾಗಿ ತಿಳಿಯುತ್ತಾರೆ. ಕಾಣದವರಿಗೆ ಅದನ್ನು ಫಲಕದ ಮೇಲೆ ಬರೆದು ಹೇಳಬೇಕು, ಚಿತ್ರ ಬಿಡಿಸಿ ತೋರಿಸಬೇಕು. ಉದ್ದ ಮತ್ತು ತೂಕದ ಅಂಕಿಗಳಿಗಿಂತ ಆ ಚಿತ್ರ ಹೆಚ್ಚು ಕೆಲಸ ಮಾಡೀತು.

ತೋಪುಗಳ ವಿಷಯದಲ್ಲಿ ಇನ್ನೂ ಆಗಬೇಕಾದ ಕೆಲಸ ದೊಡ್ಡದೇನಲ್ಲ. ಮದ್ದಿನ ಒತ್ತಡವನ್ನು ತಡೆದ ಈ ಉಂಗುರಗಳಿಗೆ ಈಗಿನ ಶತ್ರು ಮಳೆನೀರು. ಉಂಗುರಗಳ ಸಂದಿಗೆ ಇಳಿದ ನೀರಿನಿಂದ ಒಳಗೆ ತುಕ್ಕು ಹುಟ್ಟುತ್ತದೆ, ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ, ಆ ಒತ್ತಡಕ್ಕೆ ಉಂಗುರ ಒಳಗಿನಿಂದ ಸೀಳುತ್ತದೆ ಅಥವಾ ಪದರು ಪದರಾಗಿ ಏಳುತ್ತದೆ. ಮೇಲೆ ಕಪ್ಪು ಬಣ್ಣ ಬಳಿದರೆ ನೋಡಲು ಅಂದ, ಆದರೆ ಒಳಗೆ ಆಗಲೇ ಇರುವ ತೇವವನ್ನು ಬಣ್ಣ ಅಲ್ಲಿಯೇ ಬಂಧಿಸಿಡುತ್ತದೆ. ನಳಿಕೆಯ ಬಾಯಿ ಆಕಾಶ ನೋಡದೆ ತುಸು ಕೆಳಮುಖವಾಗಿ ನಿಲ್ಲುವಂತೆ ಕೂರಿಸಿ, ಒಳಗೆ ಸೇರಿದ ಕಲ್ಲು, ಎಲೆ, ಬೀಡಿತುಂಡುಗಳನ್ನು ತೆಗೆದು, ಮುಂಗಾರಿಗೆ ಮೊದಲು ಒಮ್ಮೆ ಒಣಗಿಸಿ ಎಣ್ಣೆ ಅಥವಾ ಮೇಣ ಸವರಿದರೆ ಸಾಕು. ಜೊತೆಗೆ ಮಕ್ಕಳು ತೋಪಿನ ಮೇಲೆ ಕುದುರೆಯಂತೆ ಕೂತು ಫೋಟೊ ತೆಗೆಸಿಕೊಳ್ಳುವುದನ್ನು ತಡೆಯಲು ಕಾವಲುಗಾರನೊಬ್ಬ ಬುರುಜಿನ ಮೆಟ್ಟಿಲು ಹತ್ತಬೇಕು, ಕೆಳಗಿನ ನೆರಳಲ್ಲಿ ಕೂತರೆ ಆಗದು.